ಫ್ರೆಂಚರ ಇಂಗ್ಲಿಷು: ದೊಡ್ಡ ಪದ ಪುಕ್ಕಟೆ, ಸಣ್ಣ ಪದ ದುಬಾರಿ

ಫ್ರೆಂಚ್ ಮಾತಾಡೋರಿಗೆ ಇಂಗ್ಲಿಷ್ ಕಲಿಯೋದು ಏನ್ ಮಹಾ, ಲಿಪಿ ಒಂದೇ, ಎಷ್ಟೋ ಪದಗಳೂ ಒಂದೇ ಥರ ಕಾಣತ್ವೆ, ಪಕ್ಕದ ದೇಶ ಬೇರೆ ಅಂತ ಊರಲ್ಲಿ ನಮ್ಮೋರೆಲ್ಲ ಹೇಳ್ತಾರೆ. ನಾನಿರೋದು ಫ್ರಾನ್ಸಿನ ಟುಲೂಸ್‌ನಲ್ಲಿ, ವಿಮಾನ ಮಾಡೋ ಏರ್‌ಬಸ್ಸಿನ ಊರು, ಬೆಂಗಳೂರಿಂದ ಬಂದ ಇಂಜಿನಿಯರ್‌ಗಳಿಗೇನೂ ಬರ ಇಲ್ಲ ಇಲ್ಲಿ, ಆಫೀಸಲ್ಲಿ ಕೆಲಸದ ಭಾಷೆ ಇಂಗ್ಲಿಷೇ. ದಿನಾ ಈ ಫ್ರೆಂಚರ ಜೊತೆ ಕೂತು ಮೇಲ್ ತಿದ್ದಿ ಕಾಲ್ ಅಟೆಂಡ್ ಮಾಡಿ ನನಗೆ ಅನ್ಸಿರೋದು ಏನಂದ್ರೆ, ನಮಗೆ ಎಲ್ಲಿ ಕಷ್ಟವೋ ಇವರಿಗೆ ಅಲ್ಲಿ ಸುಲಭ, ನಮ್ಮ ಮಕ್ಕಳೂ ಹೇಳೋ ಮಾತು ಇವರಿಗೆ ಕಷ್ಟ. ಕಮೆನ್ಸ್, ಡಿಸೆಂಡ್, ಅಬಾಂಡನ್, ಟಾಲರೇಟ್ ಇವೆಲ್ಲ ನಾವು ಹೈಸ್ಕೂಲಲ್ಲಿ ಉರು ಹೊಡೆದ ಪದಗಳು ಅಲ್ವಾ, ಇಲ್ಲಿ ಅವು ದಿನಬಳಕೆಯ ಪದಗಳು, ಕೆಲವಂತೂ ಅಂಗನವಾಡಿ ವಯಸ್ಸಿನವು, ಅಮ್ಮ ಮಗೂಗೆ ಮೆಟ್ಟಿಲು ಇಳಿ ಅಂತ ಹೇಳೋದೇ ಡೆಸಾಂದ್ರ್ ಅನ್ನೋ ಕ್ರಿಯಾಪದದಲ್ಲಿ. ಆದ್ರೆ ಗೆಟ್, ಪುಟ್ ಅಪ್ ವಿತ್, ಗಿವ್ ಅಪ್, ಕಾಲ್ ಆಫ್ ಅಂದ್ರೆ ಪಿಎಚ್‌ಡಿ ಮಾಡಿದೋರೂ ತಡವರಿಸ್ತಾರೆ.

ಇದರ ಬೇರು ಹುಡುಕಿದ್ರೆ ಸಾವಿರ ವರ್ಷ ಹಿಂದೆ ಹೋಗ್ಬೇಕು. 1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ, ಇಲ್ಲಿನವರ ಬಾಯಲ್ಲಿ ಗಿಯೋಮ್, ಹೇಸ್ಟಿಂಗ್ಸ್ ಯುದ್ಧ ಗೆದ್ದು ಇಂಗ್ಲೆಂಡಿನ ರಾಜ ಆದ. ಆಮೇಲೆ ತಲೆಮಾರುಗಟ್ಟಲೆ ಅರಮನೆ, ಕೋರ್ಟು, ಕಚೇರಿಯ ಮಾತೆಲ್ಲ ಫ್ರೆಂಚು, ಹೊಲ ಮನೆ ದನ ಕರುವಿನ ಮಾತು ಇಂಗ್ಲಿಷು. 1362ರಲ್ಲಿ ಇನ್ಮೇಲೆ ಕೋರ್ಟಲ್ಲಿ ಇಂಗ್ಲಿಷಲ್ಲೇ ವಾದ ಮಾಡ್ಬೇಕು ಅಂತ ಒಂದು ಕಾನೂನು ಮಾಡಿದ್ರು, ಮಜಾ ಏನಂದ್ರೆ ಆ ಕಾನೂನನ್ನ ಬರೆದಿದ್ದು ಫ್ರೆಂಚಲ್ಲಿ! ಈಗ್ಲೂ ಲಂಡನ್ ಪಾರ್ಲಿಮೆಂಟಲ್ಲಿ ಮಸೂದೆಗೆ ರಾಜನ ಒಪ್ಪಿಗೆ ಬಂದಾಗ ಅದನ್ನ ಹೇಳೋದು ಹಳೇ ನಾರ್ಮನ್ ಫ್ರೆಂಚಲ್ಲೇ. ಹಾಗಾಗಿ ಇಂಗ್ಲಿಷೊಳಗೆ ಹೋದ ಎಷ್ಟೋ ಫ್ರೆಂಚ್ ಪದಗಳು ಕೋಟು ಹಾಕ್ಕೊಂಡೇ ಉಳಿದ್ವು, ಜ್ಯೂರಿ, ವರ್ಡಿಕ್ಟ್, ಅಟಾರ್ನಿ, ಮಾರ್ಟ್‌ಗೇಜ್ ಎಲ್ಲ ಅಲ್ಲಿಂದ ಬಂದಿದ್ದೇ. ನಮ್ಮ ಟೀಮಿನ ಫ್ರೆಂಚರು ಹತ್ತಾರು ಪುಟದ ಇಂಗ್ಲಿಷ್ ಕಾಂಟ್ರಾಕ್ಟನ್ನ ನನಗಿಂತ ಬೇಗ ಓದಿ ಮುಗಿಸ್ತಾರೆ, ಅದೇ ಪಬ್ಬಲ್ಲಿ ಪಕ್ಕದ ಟೇಬಲ್ಲಿನ ಇಬ್ಬರು ಇಂಗ್ಲಿಷರು ಏನ್ ಮಾತಾಡ್ತಿದಾರೆ ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ.

ಊಟದ ಟೈಮಿಗೆ 'ಶಲ್ ವೀ ಡಿಸೆಂಡ್?' ಅಂತ ಕೇಳ್ತಾರೆ. ಕ್ಯಾಂಟೀನ್ ಕೆಳಗಡೆ ಫ್ಲೋರಲ್ಲಿದೆ, ಅಷ್ಟೇ ವಿಷ್ಯ, ಆದ್ರೆ ಕೇಳಿದ್ರೆ ಯಾವುದೋ ದೇವತೆ ಆಕಾಶದಿಂದ ಇಳಿಯೋ ಹಾಗಿರತ್ತೆ. ಉತ್ತರದ ಕಡೆಯವರು ಹೊಸದಾಗಿ ಕನ್ನಡ ಕಲಿತು ದರ್ಶಿನಿಯಲ್ಲಿ ನಿಂತು 'ಜಲ ಕೊಡಿ, ಭೋಜನ ಆಯ್ತು' ಅಂದ್ರೆ ಹೆಂಗಿರತ್ತೋ ಹಂಗೆ. ತಪ್ಪೇನಿಲ್ಲ, ಅವರಿಗೆ ಅದು ಮನೆ ಮಾತು, ನಮಗೆ ಅದು ಹರಿಕಥೆ.

ನಗು ಬರಿಸೋದಾದ್ರೆ ಪರವಾಗಿಲ್ಲ, ಕೆಲವು ಪದಗಳು ಜಗಳ ತಂದಿಡ್ತವೆ. ಫ್ರೆಂಚಲ್ಲಿ ದುಮಾಂದೆ ಅಂದ್ರೆ ಬರೀ ಕೇಳೋದು, ಅದನ್ನೇ ಇಂಗ್ಲಿಷಿಗೆ ತಂದು 'ಐ ಡಿಮಾಂಡ್ ದ ಫೈಲ್' ಅಂತ ಬರೆದ್ರೆ ಆ ಕಡೆ ಇರೋ ಬ್ರಿಸ್ಟಲ್ಲಿನ ಮನುಷ್ಯ ಇವನ್ಯಾರಪ್ಪ ನನಗೆ ಆರ್ಡರ್ ಮಾಡೋಕೆ ಅಂತ ಉರಿದು ಬೀಳ್ತಾನೆ. ಮೀಟಿಂಗ್ ಮುಂದೂಡೋದಕ್ಕೆ ಇವರ ಪದ ರಪೋರ್ತೆ, ಹಾಗಾಗಿ 'ದ ಮೀಟಿಂಗ್ ಈಸ್ ರಿಪೋರ್ಟೆಡ್' ಅಂತ ಮೇಲ್ ಬರತ್ತೆ, ಯಾರ ಮೇಲೆ ಯಾರು ಕಂಪ್ಲೇಂಟ್ ಕೊಟ್ರು ಅಂತ ನಾವು ಹುಡುಕ್ಬೇಕು. ಎಲ್ಲಕ್ಕಿಂತ ಡೇಂಜರ್ ಅಂದ್ರೆ ಇವೆಂಚುವಲಿ. ಇಂಗ್ಲಿಷಲ್ಲಿ ಅದು ಲೇಟಾದ್ರೂ ಕೊನೆಗೆ ಆಗೇ ಆಗತ್ತೆ ಅಂತ, ಫ್ರೆಂಚಲ್ಲಿ ಅದರ ಜೋಡಿ ಪದಕ್ಕೆ ಆದ್ರೂ ಆಗಬಹುದು ನೋಡೋಣ ಅಂತ. 'ವಿ ವಿಲ್ ಇವೆಂಚುವಲಿ ಡೆಲಿವರ್' ಅಂತ ಒಬ್ಬರು ಹೇಳಿದ್ರೆ ಇಬ್ಬರು ಎರಡು ಥರ ನೋಟ್ ಮಾಡ್ಕೊಂಡು ಹೋಗ್ತಾರೆ, ಡೆಡ್‌ಲೈನ್ ದಿನ ಬಣ್ಣ ಬಯಲಾಗತ್ತೆ.

ಆದ್ರೆ ಇದೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ರೆ ಸರಿಹೋಗೋ ವಿಷ್ಯ. ನಿಜವಾದ ತೊಡಕು ಮರ್ಯಾದೆಯದು ಅಂತ ನನಗನ್ಸತ್ತೆ. ನಮ್ಮ ನೀನು ನೀವು ಇದ್ದ ಹಾಗೆ ಇವರಿಗೂ ತ್ಯು ಮತ್ತೆ ವೂ ಇದೆ, ಗೊತ್ತಿಲ್ಲದೋರಿಗೆ ತ್ಯು ಅಂದ್ರೆ ಕೆಲವರು ಮುಖ ಸಿಂಡರಿಸ್ತಾರೆ. ಸ್ಕೂಲಲ್ಲೇ ಪದಗಳನ್ನ ಆಡುಮಾತು, ಸಾಮಾನ್ಯ, ಗಂಭೀರ ಅಂತ ಮೂರು ಅಂತಸ್ತಾಗಿ ಕಲಿಸ್ತಾರೆ, ಕಾರಿಗೆ ಮನೇಲಿ ಬಾನ್ಯೋಲ್, ಹೊರಗೆ ವ್ವಾತ್ಯೂರ್, ಅರ್ಜಿಯಲ್ಲಿ ಓತೊಮೊಬಿಲ್. ಇಂಗ್ಲಿಷಿಗೆ ಬಂದ್ರೆ ಎಲ್ರಿಗೂ ಯೂ, ನೀನು ಅನ್ನೋ ಅರ್ಥದ ಹಳೇ ದೌ ಸತ್ತು ಎಷ್ಟೋ ಕಾಲ ಆಯ್ತು. ವೂ ಇಲ್ದೆ ಇವರಿಗೆ ಮೈಮೇಲೆ ಬಟ್ಟೆ ಇಲ್ದಂಗೆ ಆಗಿ ಅದರ ಬದಲಿಗೆ ದೊಡ್ಡ ದೊಡ್ಡ ಪದ ಹಾಕ್ತಾರೆ. ಅಲ್ಲೇ ಎಡವಟ್ಟು. ಇಂಗ್ಲಿಷಿನವರ ಮರ್ಯಾದೆ ದೊಡ್ಡ ಪದದಲ್ಲಿಲ್ಲ, ಕುಡ್ ಯು, ವುಡ್ ಯು ಮೈಂಡ್, ಜಸ್ಟ್, ಎ ಬಿಟ್ ಇಂಥ ಪುಡಿ ಪದಗಳಲ್ಲಿದೆ. 'ಐ ರಿಕ್ವೈರ್ ಯುವರ್ ಅಸಿಸ್ಟೆನ್ಸ್' ಅನ್ನೋದು ಫಾರ್ಮಲ್ಲೇ, ಆದ್ರೆ ಗಡುಸು. 'ಕುಡ್ ಯು ಗಿವ್ ಮಿ ಎ ಹ್ಯಾಂಡ್' ಆಡುಮಾತು, ಆದ್ರೆ ಎಷ್ಟು ಮೆತ್ತಗಿದೆ ನೋಡಿ. ಫಾರ್ಮಲ್ ಬೇರೆ, ವಿನಯ ಬೇರೆ ಅನ್ನೋದನ್ನ ಇವರಿಗೆ ಅರ್ಥ ಮಾಡ್ಸೋಕೆ ನನಗೆ ಸಾಕಾಗಿ ಹೋಗತ್ತೆ, ಅವರ ಭಾಷೇಲಿ ಎರಡೂ ಒಟ್ಟಿಗೇ ಬರತ್ವಲ್ಲ.

ಇದರಲ್ಲಿ ಇನ್ನೊಂದು ತಮಾಷೆ, ನಾವು ಬೆಂಗಳೂರಿನವರು ಮತ್ತೆ ಇವರು ಮಾತಾಡುವಾಗ ಒಂಚೂರೂ ತೊಂದರೆ ಇಲ್ಲ. ನಮ್ಮದೂ ಪುಸ್ತಕದ ಇಂಗ್ಲಿಷೇ ಅಲ್ವಾ, ಕೈಂಡ್ಲಿ ಡು ದ ನೀಡ್‌ಫುಲ್ ಅಂತ ಬರೆಯೋ ಜನ ನಾವು, ಒಬ್ಬರ ಕೋಟು ಇನ್ನೊಬ್ಬರಿಗೆ ಸರಿಯಾಗಿ ಕೂರತ್ತೆ. ಫೋನ್ ಕಾಲಿಗೆ ಒಬ್ಬ ಇಂಗ್ಲೆಂಡಿನವನು ಸೇರಿಕೊಂಡ ಅಂದ್ರೆ ಮುಗೀತು, 'ಲೆಟ್ಸ್ ಪುಟ್ ಇಟ್ ಆಫ್, ಐಲ್ ಲುಕ್ ಇನ್‌ಟು ಇಟ್' ಅಂತ ಒಂದೇ ಉಸಿರಲ್ಲಿ ನುಂಗಿ ಹೇಳ್ತಾನೆ, ಆ ಆಫ್ ಇನ್‌ಟು ಎಲ್ಲ ಕಿವಿಗೇ ಬೀಳಲ್ಲ. ಫ್ರೆಂಚಲ್ಲಿ ಅಕ್ಷರಗಳಿಗೆ ಹೆಚ್ಚು ಕಡಿಮೆ ಸಮ ತೂಕ, ಇಂಗ್ಲಿಷಲ್ಲಿ ಒಂದನ್ನ ಒತ್ತಿ ಮಿಕ್ಕಿದ್ದನ್ನ ನುಂಗ್ತಾರೆ, ನುಂಗೋದು ಮೊದಲು ಈ ಸಣ್ಣ ಪದಗಳನ್ನೇ. ಕೇಳಿಸದೇ ಇರೋದನ್ನ ಕಲಿಯೋದು ಹೇಗೆ? ಒಂದು ಕಡೆ ಮಾತ್ರ ಫ್ರೆಂಚರೇ ಗೆಲ್ತಾರೆ, ಇಂಗ್ಲಿಷಿನವನು ನಾಟ್ ಬ್ಯಾಡ್ ಅಂದ್ರೆ ನಮ್ಮೋರು ಪಾಸ್ ಮಾರ್ಕ್ ಅಂದ್ಕೋತಾರೆ, ಇವರ ಹತ್ರ ಪಾ ಮಾಲ್ ಅನ್ನೋದಿದೆ, ಅದೂ ಹೊಗಳಿಕೆನೇ, ತಕ್ಷಣ ಹಿಡೀತಾರೆ.

ಚಿಕ್ಕ ವಯಸ್ಸಿನವರದು ಬೇರೆ ಕಥೆ. ನೆಟ್‌ಫ್ಲಿಕ್ಸ್ ನೋಡಿ ಗಾನ್ನ ವಾನ್ನ ಎಲ್ಲ ಬರತ್ತೆ, ಅದರ ಪಕ್ಕದಲ್ಲೇ ಕಮೆನ್ಸ್ ಬಂದು ಕೂರತ್ತೆ, 'ಐ ವಾನ್ನ ಕಮೆನ್ಸ್', ಲುಂಗಿ ಮೇಲೆ ಟೈ. ಬೈಗುಳಾನೂ ಧಾರಾಳ, ಟುಲೂಸಿನವರು ತಮ್ಮ ಒಂದು ಬೈಗುಳನ್ನ ವಾಕ್ಯಕ್ಕೊಂದು ಹಾಕ್ತಾರೆ, ಯಾರೂ ಬೇಜಾರು ಮಾಡ್ಕೊಳಲ್ಲ, ಅದೇ ಧೈರ್ಯದಲ್ಲಿ ಇಂಗ್ಲಿಷಿನ ಎಫ್ ಪದಾನೂ ಕ್ಲೈಂಟ್ ಮುಂದೆ ಬಿಡ್ತಾರೆ. ಪರಭಾಷೆ ಬೈಗುಳಕ್ಕೆ ಖಾರ ಗೊತ್ತಾಗಲ್ಲ. ಇನ್ನು ಇವರೇ ಇಂಗ್ಲಿಷ್ ಅಂದ್ಕೊಂಡಿರೋ ಪದಗಳಿವೆ, ಡ್ರೈ ಕ್ಲೀನಿಂಗ್ ಅಂಗಡಿಗೆ ಪ್ರೆಸ್ಸಿಂಗ್, ಮದುವೆಗೆ ಹಾಕೋ ಕಪ್ಪು ಸೂಟಿಗೆ ಸ್ಮೋಕಿಂಗ್, ಲಂಡನ್ನಲ್ಲಿ ಹೋಗಿ ನನಗೊಂದು ಸ್ಮೋಕಿಂಗ್ ಬೇಕು ಅಂದ್ರೆ ಸಿಗರೇಟ್ ಅಂಗಡಿ ತೋರಿಸ್ತಾರೆ.

ಕಲಿಯೋದು ಹೇಗೆ ಅಂದ್ರೆ, ಗಿವ್ ಅಪ್, ಕಾಲ್ ಆಫ್ ಥರದ ಜೋಡಿ ಕ್ರಿಯಾಪದಗಳನ್ನ ಫ್ರೇಸಲ್ ವರ್ಬ್ ಅಂತ ಅಕಾರಾದಿಯಲ್ಲಿ ಕೊಡ್ತಾರಲ್ಲ ಪಟ್ಟಿ, ನನ್ನ ಪ್ರಕಾರ ಅದು ದಂಡ. ಬಾಯಿಗೆ ಫ್ರೆಂಚ್ ಥರದ ಪದ ಬಂದಾಗ ಇದಕ್ಕೊಂದು ಸಣ್ಣ ಜೋಡಿ ಇದ್ಯಾ ಅಂತ ನಿಲ್ಲಿಸಿ ನೋಡೋದು ಒಳ್ಳೇದು. ಕಂಟಿನ್ಯೂಗೆ ಕ್ಯಾರಿ ಆನ್, ಡಿಸ್ಕವರ್‌ಗೆ ಫೈಂಡ್ ಔಟ್, ರಿಟರ್ನ್‌ಗೆ ಗೋ ಬ್ಯಾಕ್. ದೊಡ್ಡದನ್ನ ಎಸೀಬೇಕಾಗಿಲ್ಲ, ರಿಪೋರ್ಟಿಗೆ ಅದೇ ಬೇಕು, ಅದು ಇವರಿಗೆ ಪುಕ್ಕಟೆ ಸಿಕ್ಕಿರೋ ಆಸ್ತಿ, ಕ್ಯಾಂಟೀನಿಗೆ ಮಾತ್ರ ಸಣ್ಣದು ಸಾಕು. ಸೀರೀಸ್ ನೋಡೋದಾದ್ರೆ ಸಬ್‌ಟೈಟಲ್ ಇಂಗ್ಲಿಷಲ್ಲೇ ಇರ್ಲಿ, ಫ್ರೆಂಚಲ್ಲಿ ಹಾಕ್ಕೊಂಡ್ರೆ ಕಣ್ಣು ಓದತ್ತೆ, ಕಿವಿ ನಿದ್ದೆ ಮಾಡತ್ತೆ.

ನಮ್ಮ ಟೀಮಿನ ಒಬ್ಬರು, ರಿಟೈರ್‌ಮೆಂಟ್ ಹತ್ರ ಇರೋರು, ಈ ಜೋಡಿ ಆಟ ಚೆನ್ನಾಗಿ ಹಿಡಿದಿದಾರೆ. ಮೊನ್ನೆ ಅವರ ಮೇಲ್ ನೋಡಿದೆ, 'ಕುಡ್ ಯು ಜಸ್ಟ್ ಹ್ಯಾವ್ ಎ ಕ್ವಿಕ್ ಲುಕ್' ಅಂತ ಎಷ್ಟು ಚೆನ್ನಾಗಿ ಶುರು ಮಾಡಿ, ಕೊನೇಲಿ ಫ್ರೆಂಚ್ ಪತ್ರದ ಸಂಪ್ರದಾಯನ ಹಾಗೇ ಇಂಗ್ಲಿಷಿಗಿಳಿಸಿ 'ನನ್ನ ವಿಶಿಷ್ಟ ವಂದನೆಗಳ ಅಭಿವ್ಯಕ್ತಿಯನ್ನು ದಯಮಾಡಿ ಸ್ವೀಕರಿಸಿ' ಅನ್ನೋ ಅರ್ಥದ ಸಾಲು ಹಾಕಿದ್ರು. ಚೀರ್ಸ್ ಅಂತ ಹಾಕಿ ಸಾಕು ಅಂದೆ. ನನ್ನ ಮುಖಾನೇ ನೋಡಿ, ಆ ಮನುಷ್ಯನ್ನ ನಾನು ಇನ್ನೂ ಭೇಟಿನೇ ಮಾಡಿಲ್ವಲ್ಲ ಅಂದ್ರು, ಸೆಂಡ್ ಒತ್ತಿಬಿಟ್ರು.