ಬೂದಿಯಾಗಲಿರುವ ಗರಿ

ಮಗಳ ಚೀಲದ ತಳದಲ್ಲಿ ಇವತ್ತು ಶಾಲೆಯ ಸುತ್ತೋಲೆ ಸಿಕ್ಕಿತು. ನಾಲ್ಕು ಮಡಿಕೆ, ಮೂಲೆಯಲ್ಲಿ ನೀರಿನ ಕಲೆ. ಬಂದು ಎಷ್ಟು ದಿನವಾಗಿತ್ತೋ!

ಫೆಬ್ರವರಿ 18, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಮಕ್ಕಳಿಗೆ ಬಲಿಪೂಜೆ, ಅಂದರೆ ಚರ್ಚಿನ ಮಾಸ್. ಮಾರ್ಚ್ 19, ಸಂತ ಜೋಸೆಫರ ಹಬ್ಬ. ಮೂರನೇ ತರಗತಿಯವರಿಗೆ ಪ್ರಥಮ ಪರಮಪ್ರಸಾದದ ತಯಾರಿ. ನಡುವೆ ಪೋಷಕರ ಸಭೆ, ಗಣಿತ ಪರೀಕ್ಷೆ. ದೇವರೂ ಗುಣಾಕಾರವೂ ಒಂದೇ ಪಟ್ಟಿಯಲ್ಲಿ.

ಕೊನೆಯ ಸಾಲು: ಕಳೆದ ವರ್ಷದ ತಾಳೆಗರಿಗಳಿದ್ದರೆ ಶಾಲೆಗೆ ಕಳುಹಿಸಿ.

ನಮ್ಮದು ಗೋಡೆಯ ಶಿಲುಬೆಯ ಹಿಂದೆ ಸಿಕ್ಕಿಸಿದಂತೆಯೇ ಇತ್ತು. ಈಸ್ಟರ್‌ನ ಹಿಂದಿನ ವಾರ ಬರುವ ಗರಿಗಳ ಭಾನುವಾರ ಅವಳೇ ಶಿಲುಬೆಯಾಗಿ ಹೆಣೆದದ್ದು. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಹಸಿರು ಹೋಗಿ ಒಣಹುಲ್ಲಿನ ಬಣ್ಣ ಬಂದಿದೆ. ಮುಟ್ಟಿದರೆ ಅಂಚು ಉದುರುತ್ತದೆ.

"ಇದನ್ನು ಸುಟ್ಟು, ಆ ಬೂದಿಯನ್ನೇ ಹಣೆಗೆ ಹಚ್ಚುತ್ತಾರೆ" ಎಂದೆ.

ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಹಾಗಾದರೆ ನನ್ನ ಗರಿ ಯಾರ ಹಣೆಗೆ ಹೋಗುತ್ತದೆ?"

ಏನು ಹೇಳಲಿ? ಎಲ್ಲ ಮನೆಗಳ ಗರಿಯೂ ಒಂದೇ ಪಾತ್ರೆಯಲ್ಲಿ ಉರಿಯುತ್ತದೆ. 'ಹೊಸಾನ್ನ' ಎಂದು ಜಯಘೋಷ ಕೂಗಿ ಬೀಸಿದ ಗರಿಯೇ ಮುಂದಿನ ವರ್ಷ 'ನೀನು ಮಣ್ಣು' ಎನ್ನುವ ಬೂದಿ. ಇಷ್ಟು ವರ್ಷ ಹಣೆಯೊಡ್ಡಿ ನಿಂತವಳು ನಾನು. ತಪಸ್ಸುಕಾಲದ 40 ದಿನಗಳ ಲೆಕ್ಕದಲ್ಲಿ ಭಾನುವಾರಗಳನ್ನು ಬಿಡಬೇಕೆಂಬುದೂ ಗೊತ್ತು. ಹಣೆಯ ಮೇಲಿನದು ಯಾರ ಮನೆಯ ಗರಿ ಎಂದು ಮಾತ್ರ ಒಮ್ಮೆಯೂ ಯೋಚಿಸಿರಲಿಲ್ಲ.

ಈಗ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಾಳೆ. ಗಿಡ್ಡ ತೋಳು ಮುರಿಯಬಾರದಂತೆ. ಸುಡಲು ಕೊಡುವುದಕ್ಕೆ ಇಷ್ಟೊಂದು ಜೋಪಾನ!