ಇನ್ನೈದು ವರ್ಷಕ್ಕೆ ಅಪ್ಪನ ಮಾರುತಿ

ಅಂಕೋಲಾ
14 ಡಿಸೆಂಬರ್ 2023, ಗುರುವಾರ ರಾತ್ರಿ

ಇಂದು ಬೆಳಿಗ್ಗೆ ಅಪ್ಪನ ಕಾರನ್ನು ಪಾಸಿಂಗ್ ಮಾಡಿಸಲೆಂದು ಕಾರವಾರಕ್ಕೆ ಒಯ್ದು, ಸಂಜೆ ಕತ್ತಲಾಗುವುದರೊಳಗೆ ಮನೆ ಸೇರಿದೆ. 1998ರ ಡಿಸೆಂಬರಿನಲ್ಲಿ ಕೊಂಡ ಬಿಳಿ ಬಣ್ಣದ ಮಾರುತಿ 800 ಅದು. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತೋರಿಸಿ, ಪರೀಕ್ಷೆ ಮಾಡಿಸಿ, ನವೀಕರಿಸಿಕೊಳ್ಳಬೇಕು. 2013ರಲ್ಲಿಯೂ 2018ರಲ್ಲಿಯೂ ಅಪ್ಪ ತಾವೇ ಹೋಗಿ ಆ ಕೆಲಸ ಮುಗಿಸಿಕೊಂಡು ಬಂದಿದ್ದರು. ಈ ಸಲ ಅವರಿಲ್ಲ. ಕಾರನ್ನು ಗುಜರಿಗೆ ಹಾಕುವುದೇ ಒಳ್ಳೆಯದೆಂದು ನೆಂಟರಲ್ಲಿ ಹಲವರು ಹೇಳಿದರು. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತ್ತು. ಅಷ್ಟು ಹಣವನ್ನು ಹಳೆಯ ಗಾಡಿಯ ಮೇಲೆ ಸುರಿಯುವುದೇಕೆ ಎಂಬುದು ಅವರ ವಾದ. ಆಯಿ ಮಾತ್ರ ಏನೂ ಹೇಳದೆ, ನಿನ್ನೆ ರಾತ್ರಿ ಅಪ್ಪನ ರಿಜಿಸ್ಟರನ್ನು ತಂದು ನನ್ನ ಮುಂದಿಟ್ಟರು.

ಶಾಲೆಯ ಹಾಜರಿ ಪುಸ್ತಕದಂಥ ಉದ್ದನೆಯ ರಿಜಿಸ್ಟರು ಅದು. ಅಪ್ಪ ಹೆಡ್‌ಮಾಸ್ತರರಾಗಿದ್ದವರಾದ್ದರಿಂದ ಕಾರಿಗೂ ಹಾಜರಿ ಹಾಕುತ್ತಿದ್ದರು. ತಾರೀಖು, ಮೀಟರು, ಪೆಟ್ರೋಲು, ಮಾಡಿಸಿದ ಕೆಲಸ, ಕೊಟ್ಟ ಹಣ ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದ ಐದು ಕಾಲಮುಗಳು. ಆದರೆ ಮೊದಲ ಪುಟದಲ್ಲಿ ನಮ್ಮ ಕಾರಿನ ಲೆಕ್ಕವಿಲ್ಲ. ಅಲ್ಲಿ "14-12-1983: ಮೊದಲ ಮಾರುತಿ" ಎಂದು ಒಂದೇ ಸಾಲು ಇದೆ. ಕಾರವಾರಕ್ಕೆ ಹೋಗುವ ದಿನ ಗೊತ್ತುಮಾಡುವಾಗ ನನಗೆ ಈ ತಾರೀಖಿನ ನೆನಪೇ ಇರಲಿಲ್ಲ. ಇಂದಿಗೆ ಸರಿಯಾಗಿ 40 ವರ್ಷ.

ಆ ದಿನ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ ಕಾರಿನ ಕೀಲಿಯನ್ನು ಇಂಡಿಯನ್ ಏರ್‌ಲೈನ್ಸ್ ನೌಕರರಾಗಿದ್ದ ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಕೊಟ್ಟರು. 10,000 ರೂಪಾಯಿ ಮುಂಗಡ ಕಟ್ಟಿ ಕಾದಿದ್ದ ಲಕ್ಷಕ್ಕೂ ಮೀರಿದ ಜನರ ನಡುವೆ ಚೀಟಿಯಲ್ಲಿ ಅವರ ಹೆಸರು ಬಂದಿತ್ತು. ಡಿಸೆಂಬರ್ 14 ಸಂಜಯ ಗಾಂಧಿಯವರು ಹುಟ್ಟಿದ ದಿನ. ಜನಸಾಮಾನ್ಯರಿಗೆ ಸಣ್ಣ ಕಾರು ಕೊಡಬೇಕೆಂದು 1971ರಲ್ಲಿ ಅವರು ಗುರಗಾಂವಿನಲ್ಲಿ ಕಟ್ಟಿದ ಮಾರುತಿ ಕಂಪನಿ ಮಾರುಕಟ್ಟೆಗೆ ಕಾರು ತರಲಾಗದೆ ಮುಚ್ಚಿಹೋಗಿತ್ತು; 1980ರಲ್ಲಿ ಅವರೂ ವಿಮಾನಾಪಘಾತದಲ್ಲಿ ತೀರಿಕೊಂಡರು. ಸರ್ಕಾರ ಆ ಕಾರ್ಖಾನೆಯನ್ನು ವಹಿಸಿಕೊಂಡು 1981ರಲ್ಲಿ ಮಾರುತಿ ಉದ್ಯೋಗ್ ಎಂಬ ಹೊಸ ಕಂಪನಿಯನ್ನು ಸ್ಥಾಪಿಸಿತು. ವಿದ್ಯುತ್ ಯಂತ್ರಗಳನ್ನು ತಯಾರಿಸುವ ಸರ್ಕಾರಿ ಸಂಸ್ಥೆ ಬಿಎಚ್‌ಇಎಲ್ ಅನ್ನು ನಡೆಸಿ ಹೆಸರಾಗಿದ್ದ ವಿ. ಕೃಷ್ಣಮೂರ್ತಿಯವರ ಹೆಗಲಿಗೆ ಅದರ ಹೊಣೆ ಬಿತ್ತು. ಆಡಳಿತ ಸೇವೆಯಿಂದ ಬಂದ ಆರ್. ಸಿ. ಭಾರ್ಗವ ಅವರು ಜೊತೆಯಾದರು. 1982ರ ಅಕ್ಟೋಬರಿನಲ್ಲಿ ಜಪಾನಿನ ಸುಜುಕಿ ಕಂಪನಿ ನೂರಕ್ಕೆ 26ರಷ್ಟು ಪಾಲು ಹಾಕಿ ಒಪ್ಪಂದಕ್ಕೆ ಸಹಿ ಮಾಡಿತು. ಸಹಿ ಬಿದ್ದು 14 ತಿಂಗಳಿಗೆ ಕಾರು ರಸ್ತೆಗೆ ಇಳಿಯಿತು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳಿಗಾಗಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಅಪ್ಪನಿಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಕಾರ್ಖಾನೆಯ ರೀತಿ. ಅಲ್ಲಿ ಮೇಲಧಿಕಾರಿಗೂ ಕಾರ್ಮಿಕನಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು. ಕೆಲಸಕ್ಕೆ ಮೊದಲು ಎಲ್ಲರೂ ಸೇರಿ ವ್ಯಾಯಾಮ ಮಾಡುತ್ತಿದ್ದರು. ಶಾಲೆಯಲ್ಲಿ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸುವುದನ್ನು ವ್ರತದಂತೆ ಪಾಲಿಸಿದ ಅವರು, ಸಮಾಜ ವಿಜ್ಞಾನದ ಪಾಠದಲ್ಲಿ ಈ ಸಂಗತಿಯನ್ನು ಪ್ರತಿವರ್ಷ ಹೇಳುತ್ತಿದ್ದರು. ಕಾರು ಕೊಳ್ಳುವ ಯೋಚನೆ ಬರುವುದಕ್ಕಿಂತ ಬಹಳ ಮೊದಲೇ ಅವರು ಮಾರುತಿಯನ್ನು ಮೆಚ್ಚಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಆದರೂ 1998ರಲ್ಲಿ ಅವರು ಮಾರುತಿಯನ್ನೇ ಆರಿಸಿದ್ದು ಆ ಮೆಚ್ಚುಗೆಯಿಂದಲ್ಲ. ಆ ವರ್ಷ ಹುಂಡೈ ಸ್ಯಾಂಟ್ರೊ, ದೇವೂ ಮಾಟಿಜ್, ವರ್ಷದ ಕೊನೆಯಲ್ಲಿ ಟಾಟಾ ಇಂಡಿಕಾ ಹೀಗೆ ಒಂದರ ಹಿಂದೊಂದು ಹೊಸ ಕಾರುಗಳು ಬಂದವು. ಪತ್ರಿಕೆಗಳ ತುಂಬ ಅವುಗಳದೇ ಜಾಹೀರಾತು. ಅಪ್ಪ ಎಲ್ಲವನ್ನೂ ಕತ್ತರಿಸಿಟ್ಟುಕೊಂಡು ನಮ್ಮೂರ ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹೋದಾಗ ಅವರು ಹೇಳಿದ್ದನ್ನು ನಾನೂ ಪಕ್ಕದಲ್ಲೇ ನಿಂತು ಕೇಳಿದ್ದೇನೆ: "ಮಾಸ್ತರ್ರೇ, ಗಾಡಿ ಯಾವ್ದು ಬೇಕಾದ್ರೂ ತಕಳಿ. ಆದ್ರೆ ನಡುರಾತ್ರೆಗೆ ನಿಂತ್ರೆ ನಾ ಬಂದು ಬಿಚ್ಚಿ ಹಾಕೂಕೆ ಆಗೂದು ಮಾರುತಿ ಒಂದೇ." ಮೊದಮೊದಲು ಜಪಾನಿನಿಂದ ಬಿಡಿಭಾಗಗಳಾಗಿ ಬಂದು ಗುರಗಾಂವಿನಲ್ಲಿ ಜೋಡಣೆಯಾಗುತ್ತಿದ್ದ ಕಾರು, ಕೆಲವೇ ವರ್ಷಗಳಲ್ಲಿ ಬಹುಪಾಲು ಇಲ್ಲಿಯೇ ತಯಾರಾಗತೊಡಗಿತ್ತು. ಹಾಗೆ ಬೆಳೆದ ಬಿಡಿಭಾಗಗಳ ಉದ್ಯಮದಿಂದಲೇ ಪ್ಲಗ್ಗು, ಬೆಲ್ಟು, ಬ್ರೇಕ್ ಲೈನರುಗಳು ಅಂಕೋಲೆಯ ಪೇಟೆಯಲ್ಲೂ ಸಿಗುವಂತಾದವು. ಒಂದು ಕಾರಿನ ಇತಿಹಾಸ ಬರೆಯುವವರು ಈ ಅಂಗಡಿಗಳನ್ನೂ ಈ ಮೇಸ್ತ್ರಿಗಳನ್ನೂ ಸೇರಿಸಿ ಬರೆಯಬೇಕೆಂದು ನನಗೆ ಅನ್ನಿಸುತ್ತದೆ. ಕಾರು ಒಮ್ಮೆ ಕೊಂಡು ಮುಗಿಯುವ ವಸ್ತುವಲ್ಲ. ಅದನ್ನು ನಡೆಸಿಕೊಂಡು ಹೋಗಲು ಊರೂ ಕೈಹಾಕಬೇಕಾಗುತ್ತದೆ.

ಹುಬ್ಬಳ್ಳಿಯಿಂದ ಕಾರನ್ನು ತಂದ ದಿನ ಅರಬೈಲು ಘಟ್ಟದಲ್ಲಿ ಅಪ್ಪ ಗಂಟೆಗೆ 30 ಕಿಲೋಮೀಟರ್ ದಾಟಲಿಲ್ಲ. ಮುಂದಿನ ತಿಂಗಳು ಅದೇ ಘಟ್ಟವನ್ನು ಐವರು ಕೂತು ಹತ್ತಿದಾಗ ಮಾತ್ರ ಅವರಿಗೆ ಧೈರ್ಯ ಬಂತು. ಕೇವಲ 796 ಸಿಸಿಯ, ಮೂರು ಸಿಲಿಂಡರಿನ, ನಾಲ್ಕು ಗೇರಿನ ಇಂಜಿನ್ನು ಅಷ್ಟು ಭಾರ ಎಳೆದದ್ದು ಹೇಗೆಂದು ನಾನು ಕೇಳಿದೆ. ಅಂಬಾಸಿಡರ್‌ನ ತೂಕ ಸಾವಿರ ಕಿಲೋ ಮೀರಿದ್ದು, ಇದರದು 650 ಕಿಲೋದ ಆಸುಪಾಸು ಮಾತ್ರ. ಅದರ ಇಂಜಿನ್ನು ಮುಂದಿದ್ದು ಉದ್ದನೆಯ ಶಾಫ್ಟಿನಿಂದ ಹಿಂದಿನ ಗಾಲಿಯನ್ನು ತಿರುಗಿಸಬೇಕು, ಇದು ಮುಂದಿನ ಗಾಲಿಗಳಿಂದಲೇ ಎಳೆಯುತ್ತದೆ ಎಂದು ಅವರು ಬೆಂಕಿಪೊಟ್ಟಣವನ್ನು ಮೇಜಿನ ಮೇಲೆ ದೂಡಿಯೂ ಎಳೆದೂ ತೋರಿಸಿದರು. ಗಾಡಿಯ ತಂತ್ರದಲ್ಲಿ ನಾನು ಕಲಿತ ಮೊದಲ ಪಾಠ ಅದು.

ರಿಜಿಸ್ಟರಿನಲ್ಲಿ ಪ್ರತಿ ಮೇ ತಿಂಗಳ ಕೊನೆಗೆ ತಪ್ಪದೆ ಬರುವ ಒಂದು ನಮೂದು "ಅಡಿಗೆ ಎಣ್ಣೆ" ಎಂಬುದು. ಇಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲನ್ನು ಬ್ರಶ್ಶಿನಲ್ಲಿ ಅದ್ದಿ ಕಾರಿನ ಅಡಿಯ ತಗಡಿಗೆಲ್ಲ ಬಳಿಯುವ ಕೆಲಸವದು. ಸಮುದ್ರದ ಉಪ್ಪುಗಾಳಿ ವರ್ಷವಿಡೀ ಬೀಸುವ, ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಂದೇ ಸಮನೆ ಸುರಿಯುವ ಈ ಕರಾವಳಿಯಲ್ಲಿ ಯಾವ ಕಂಪನಿಯ ಗಾಡಿಯಾದರೂ ತುಕ್ಕಿನ ಬಾಯಿಗೆ ಬೀಳದೆ ಇರುವುದಿಲ್ಲ. ನಮ್ಮ ಕಾರಿನ ಬಾಗಿಲುಗಳ ಕೆಳ ಅಂಚು, ಬ್ಯಾಟರಿ ಕೂರುವ ತಟ್ಟೆ, ಡ್ರೈವರಿನ ಕಾಲಡಿಯ ತಗಡು ಒಂದೊಂದಾಗಿ ಟಿಂಕರಿಂಗ್ ಕಂಡಿವೆ. ಮಳೆಗಾಲದ ಇನ್ನೊಂದು ತೊಂದರೆಯೆಂದರೆ ಪ್ಲಗ್ಗುಗಳಿಗೆ ಕಿಡಿಯ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಸೇರಿಕೊಂಡು ಬೆಳಿಗ್ಗೆ ಕಾರು ಹಟ ಹಿಡಿಯುವುದು. ಅದಕ್ಕೆಂದೇ ಅಪ್ಪ ಹಳೆಯ ಪಂಚೆಯ ತುಂಡೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಡುತ್ತಿದ್ದರು. ಮುಚ್ಚಳದ ಎರಡು ಕ್ಲಿಪ್ಪು ಬಿಡಿಸಿ, ಒಳಗೂ ಹೊರಗೂ ಒರೆಸಿ, ಬಾಯಿಯಿಂದ ಒಮ್ಮೆ ಊದಿ ಮತ್ತೆ ಕೂರಿಸಿ, ಚೋಕ್ ಎಳೆದು ಕೀಲಿ ತಿರುಗಿಸಿದರೆ ಎರಡನೆಯ ಸಲಕ್ಕೆ ಕಾರು ಹಿಡಿಯುತ್ತಿತ್ತು. ಆ ಬಟ್ಟೆ ಈಗಲೂ ಅಲ್ಲಿಯೇ ಇದೆ. ಜೂನ್ ತಿಂಗಳ ನಮೂದುಗಳಲ್ಲಿ ಡಿಕ್ಕಿಯಲ್ಲಿ ಒಯ್ದ ಕರಿ ಈಶಾಡು ಮಾವಿನ ಬುಟ್ಟಿಗಳ ಲೆಕ್ಕವೂ ಇರುವುದರಿಂದ, ಪುಟ ತಿರುಗಿಸುವಾಗ ನನಗೆ ಎಣ್ಣೆಯ ವಾಸನೆಯೂ ಹಣ್ಣಿನ ವಾಸನೆಯೂ ಒಟ್ಟಿಗೇ ನೆನಪಾಗುತ್ತವೆ.

2006ರ ಮೇ ತಿಂಗಳ ಒಂದು ಸಾಲಿನ ಕೆಳಗೆ ಅಪ್ಪ ಎರಡು ಗೆರೆ ಎಳೆದಿದ್ದಾರೆ. ಹುಬ್ಬಳ್ಳಿಯಲ್ಲಿ ಮದುವೆ ಮುಗಿಸಿ ಘಟ್ಟ ಇಳಿಯುತ್ತಿದ್ದಾಗ ತಿರುವೊಂದರಲ್ಲಿ ಕ್ಲಚ್ ವಾಯರು ತುಂಡಾಯಿತು. ಎರಡೇ ತಿಂಗಳ ಹಿಂದೆ ಅಂಗಡಿಯೊಂದರಲ್ಲಿ ಅಸಲಿಯೆಂದು ನಂಬಿಸಿ ಕೊಟ್ಟಿದ್ದ ನಕಲಿ ಸಾಮಾನು ಅದು. ಆ ಮೋಸವನ್ನು ಅಪ್ಪ ಕೊನೆಯವರೆಗೂ ಮರೆಯಲಿಲ್ಲ, ನನಗೂ ಅದರ ಸಿಟ್ಟು ಇನ್ನೂ ಆರಿಲ್ಲ. ಹಿಂದೆ ಲಾರಿ, ಮುಂದೆ ಲಾರಿ. ಅಪ್ಪ ಎರಡನೆಯ ಗೇರಿನಿಂದ ಕೈ ತೆಗೆಯದೆ ಇಂಜಿನ್ನಿನ ಹಿಡಿತದಲ್ಲೇ ಘಟ್ಟವನ್ನು ಪೂರ್ತಿ ಇಳಿಸಿದರು. ಬಯಲಿಗೆ ಬಂದ ಮೇಲೆ ಒಮ್ಮೆ ನಿಲ್ಲಿಸಲೇಬೇಕಾಯಿತು. ಮತ್ತೆ ಹೊರಡುವಾಗ ಮೊದಲನೆಯ ಗೇರು ಹಾಕಿಟ್ಟೇ ಕೀಲಿ ತಿರುಗಿಸಿದರು. ಸ್ಟಾರ್ಟರಿನ ಬಲಕ್ಕೆ ಕಾರು ಎರಡು ಸಲ ಮುಗ್ಗರಿಸಿ, ಮೂರನೆಯದಕ್ಕೆ ಇಂಜಿನ್ನು ಹಿಡಿದು ಮುಂದೆ ಸಾಗಿತು. ಆ ಮೇಲೆ ಆಕ್ಸಿಲರೇಟರನ್ನು ಸಡಿಲಿಸಿ, ಇಂಜಿನ್ನಿನ ಸದ್ದು ಇಳಿಯುವ ಕ್ಷಣ ಕಾದು, ಕ್ಲಚ್ಚಿಲ್ಲದೆಯೇ ಗೇರು ಜಾರಿಸುತ್ತ ರಾಮನಗುಳಿ ದಾಟಿ ಮನೆ ಮುಟ್ಟಿಸಿದರು. ಹಿಂದಿನ ಸೀಟಿನಲ್ಲಿದ್ದ ಆಯಿಗೆ ಏನಾಗಿದೆಯೆಂದು ಗೊತ್ತಾದದ್ದು ಅಂಗಳದಲ್ಲಿ ಇಳಿದ ಮೇಲೆ.

ಅಷ್ಟರಲ್ಲಿ ಮಾರುತಿ 800ರ ಕಾಲ ಇಳಿಮುಖವಾಗತೊಡಗಿತ್ತು. 2000ದಲ್ಲಿ ಬಂದ ಆಲ್ಟೊ ನಾಲ್ಕೇ ವರ್ಷದಲ್ಲಿ ಮಾರಾಟದಲ್ಲಿ ಇದನ್ನು ಹಿಂದೆ ಹಾಕಿತು. ಸರ್ಕಾರ ತನ್ನ ಉಳಿದ ಷೇರುಗಳನ್ನು ಮಾರಿ 2007ರಲ್ಲಿ ಕಂಪನಿಯಿಂದ ಹೊರಬಂದಿತು. ಮಾರುತಿ ಉದ್ಯೋಗ್ ಎಂಬ ಹೆಸರು ಹೋಗಿ ಮಾರುತಿ ಸುಜುಕಿ ಇಂಡಿಯಾ ಎಂದಾಯಿತು. 2010ರಲ್ಲಿ ಹೊಗೆಯ ಹೊಸ ನಿಯಮ ಬಂದಾಗ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಇದರ ಮಾರಾಟ ನಿಂತಿತು. ಕೊನೆಗೆ 2014ರ ಜನವರಿ 18ರಂದು ಉತ್ಪಾದನೆಯೇ ನಿಂತಿತು. ಹರ್ಪಾಲ್ ಸಿಂಗ್ ಅವರು 2010ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಡಿಐಎ 6479 ಸಂಖ್ಯೆಯ ಕಾರನ್ನು ಮಾರಿರಲಿಲ್ಲ. ಆಮೇಲೆ ಅದು ಮನೆಯ ಮುಂದೆ ಬಿಸಿಲು ಮಳೆಗೆ ತುಕ್ಕು ಹಿಡಿದು ನಿಂತಿದ್ದ ಚಿತ್ರ ಎಲ್ಲೆಡೆ ಹರಡಿತ್ತು. ಕಂಪನಿ ಅದನ್ನು ಮತ್ತೆ ಹೊಸದರಂತೆ ಮಾಡಿ ತನ್ನ ಮುಖ್ಯ ಕಚೇರಿಯಲ್ಲಿ ಇರಿಸಿದೆಯೆಂಬ ಸುದ್ದಿ ಓದಿದಾಗ ನನಗೆ ನಿಜವಾಗಿ ಸಮಾಧಾನವಾಯಿತು. ಆ ತುಕ್ಕಿನ ಚಿತ್ರ ನೋಡಿದ ದಿನ ನಾನು ನಮ್ಮ ಅಂಗಳದ ಕಾರನ್ನು ನೆನೆದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಕಳೆದ ವಾರ ಗ್ಯಾರೇಜಿಗೆ ಒಯ್ದಾಗ ಮೇಸ್ತ್ರಿಯವರು ಕಾರಿನ ಅಡಿಗೆ ಹೋಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಅಲ್ಲಲ್ಲಿ ತಟ್ಟಿ ಸದ್ದು ಕೇಳಿ ಹೊರಬಂದರು. ಅವರಿಗೀಗ ಎಪ್ಪತ್ತು ದಾಟಿದೆ. "ಇಂಜಿನ್ನು ಗಟ್ಟಿ ಅದೆ ತಂಗಿ, ಎಡಗಡೆ ತಗಡೊಂದು ಬದಲಿಸಿದ್ರೆ ಪಾಸಾಗೂಕೆ ತೊಂದ್ರೆ ಇಲ್ಲ" ಎಂದರು. ಎರಡು ದಿನ ಕೂತು ತಗಡು ಕೂರಿಸಿ, ಬ್ರೇಕ್ ಬಿಗಿಮಾಡಿ, ಹೊಗೆಯ ತಪಾಸಣೆಗೆ ಕಾರ್ಬುರೇಟರ್ ಸರಿಹೊಂದಿಸಿ ಕೊಟ್ಟರು. ಮಜೂರಿ ಕೊಡಲು ಹೋದರೆ ಅರ್ಧ ಹಣವನ್ನು ಹಿಂದಕ್ಕೆ ಕೊಟ್ಟರು.

ಅವರ್ಸೆ, ಅಮದಳ್ಳಿ ದಾಟಿ ಬಿಣಗಾದ ಏರು ಹತ್ತುವಾಗ ಕಾರು ಮೂರನೆಯ ಗೇರಿನಲ್ಲೇ ನಿರಾಯಾಸವಾಗಿ ಸಾಗಿತು. ಕಾರವಾರದಲ್ಲಿ ಪರೀಕ್ಷೆಗೆ ನಿಂತಾಗ ಬಾನೆಟ್ ತೆಗೆದು, ಗಾಡಿಯ ಗುರುತಿಗೆಂದು ಕೊರೆದಿರುವ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಕೊಡಬೇಕೆಂದರು. ಇಂಜಿನ್ನಿನ ಹಿಂದಿನ ತಗಡಿನ ಗೋಡೆಯಲ್ಲಿ ಕೊರೆದ ಆ ಸಂಖ್ಯೆಯ ಮೇಲೆ 25 ವರ್ಷದ ಎಣ್ಣೆ, ಧೂಳು ಕೂತು ಏನೂ ಕಾಣುತ್ತಿರಲಿಲ್ಲ. ಖಾನೆಯಿಂದ ಅಪ್ಪನ ಪಂಚೆಯ ತುಂಡನ್ನು ತೆಗೆದು, ತುಸು ಪೆಟ್ರೋಲು ತಾಗಿಸಿ ತಿಕ್ಕಿದೆ. ತೆಳ್ಳನೆಯ ಕಾಗದದ ಪಟ್ಟಿಯನ್ನು ಅದರ ಮೇಲೆ ಬಿಗಿಯಾಗಿ ಹಿಡಿದು ಪೆನ್ಸಿಲನ್ನು ಅಡ್ಡಲಾಗಿ ಉಜ್ಜುತ್ತ ಹೋದಂತೆ ಬೂದು ಬಣ್ಣದ ನಡುವೆ ಒಂದೊಂದೇ ಬಿಳಿಯ ಅಂಕಿ ಮೂಡಿ ಬಂತು. ಯಾವ ಅಂಕಿಯೂ ಮಸುಕಾಗಿರಲಿಲ್ಲ. ಒಂದು ಪಟ್ಟಿಯನ್ನು ಅರ್ಜಿಗೆ ಅಂಟಿಸಿ, ಇನ್ನೊಂದನ್ನು ಉಜ್ಜಿ ಪರ್ಸಿನಲ್ಲಿ ಇಟ್ಟುಕೊಂಡೆ. ಹಾರ್ನ್, ಲೈಟು, ಬ್ರೇಕ್ ನೋಡಿ, ಒಂದು ಸುತ್ತು ಓಡಿಸಿ ನೋಡಿ, ಸರಿಯಿದೆ ಎಂದರು.

ಆ ಎರಡನೆಯ ಪಟ್ಟಿಯನ್ನು ಈಗಷ್ಟೇ ರಿಜಿಸ್ಟರಿಗೆ ಅಂಟಿಸಿದ್ದೇನೆ. ಅದರ ಪಕ್ಕದಲ್ಲಿ ಅಪ್ಪ ಎಳೆದಿಟ್ಟ ಕಾಲಮುಗಳಲ್ಲೇ ತಾರೀಖು, ಮೀಟರು, ಪೆಟ್ರೋಲು ಬರೆದು, ಕೆಲಸದ ಕಾಲಮಿನಲ್ಲಿ "ಕಾರವಾರ, ಪಾಸಿಂಗ್" ಎಂದು ತುಂಬಿದೆ. ಅಪ್ಪನ ಕೆಂಪು ಗೆರೆಗಳು ಇನ್ನು ಎರಡು ಪುಟಕ್ಕೆ ಇವೆ. ಆಮೇಲಿನವನ್ನು ನಾನೇ ಎಳೆಯಬೇಕು.