ಜ್ವಾಳದ ರೇಟು

ಮೇಲಿನ ಮನೆಯ ಗದಗಿನ ಅಕ್ಕಾರು ಮೊನ್ನೆ ಒಂದು ರಾತ್ರಿ ಡಬ್ಬಿ ತುಂಬ ಮಾದಲಿ ತಂದರು. ಮಗನಿಗೆ ಇಲ್ಲೇ ಪುಣೆಯ ಹಿಂಜವಡಿಯ ದೊಡ್ಡ ಐಟಿ ಕಂಪನಿಯೊಂದರಲ್ಲಿ ಮೊದಲ ಪಗಾರ ಆಗಿತ್ತು. ಹಿಂದೆಯೇ ಹುಡುಗ ಮೊಬೈಲ್ ಹಿಡಿದು ಬಂದ.

"ಕಾಕಾ, ವರ್ಷಕ್ಕ 3 ಲಕ್ಷ 60 ಸಾವಿರ ಅಂದಿದ್ರು. ತಿಂಗಳಿಗೆ 30 ಆಗಬೇಕಲ್ಲ? ಬ್ಯಾಂಕಿಗೆ ಬಂದದ್ದು 25ಕ್ಕೂ ಕಡಿಮಿ ಐತಿ."

ಪಗಾರದ ಚೀಟಿ ಬಿಡಿಸಿ ಹೇಳಿದೆ. ಪಿಎಫ್‌ಗೆ ನಿನ್ನ ಪಾಲು ಮುರೀತಾರೆ, ಕಂಪನಿಯ ಪಾಲನ್ನೂ ಅದೇ ಪ್ಯಾಕೇಜಿನೊಳಗೆ ಎಣಿಸಿರ್ತಾರೆ. ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಕೊಡೋ ಇಡಿಗಂಟು, ಅಂತ ಮೂಲ ವೇತನದ ಶೇ. 4.81 ತೋರಿಸ್ತಾರೆ, ಅದು ಕೈಗೆ ಬರಬೇಕಾದರೆ ಐದು ವರ್ಷ ದುಡಿಯಬೇಕು. ವೇರಿಯಬಲ್ ಅಂಬೋದು ಕೆಲಸ, ಲಾಭ ನೋಡಿ ಕೊಡೋ ಪಾಲು, ಎಷ್ಟು ಬರ್ತದೋ ದೇವರಿಗೇ ಗೊತ್ತು. ಮಹಾರಾಷ್ಟ್ರದ ವೃತ್ತಿ ತೆರಿಗೆ ತಿಂಗಳಿಗೆ 200. ಫೆಬ್ರುವರಿಯಲ್ಲಿ ಮಾತ್ರ 300 ಹೋಗ್ತದ, ಗಾಬರಿ ಆಗಬ್ಯಾಡ.

"ನೀವ್ ಸೇರಿದಾಗ ಎಷ್ಟಿತ್ತು ಕಾಕಾ?"

2011ರಲ್ಲಿ 3 ಲಕ್ಷ 25 ಸಾವಿರ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು.

ಅಲ್ಲಿಯವರೆಗೆ ಸುಮ್ಮನಿದ್ದ ಅಕ್ಕಾರು ಬಾಯಿ ಬಿಟ್ಟರು: "ಅಲ್ರೀ, ಇಷ್ಟು ವರ್ಷದಾಗ ಜ್ವಾಳದ ರೇಟು ಸೈತ ಎಲ್ಲಿಂದೆಲ್ಲಿಗೋ ಹೋತು. ನಿಮ್ಮ ಕಂಪನ್ಯಾಗ ಹುಡುಗರ ರೇಟು ಅಲ್ಲೇ ಕುಂತೈತಲ್ಲ?"

ಕಾಲೇಜುಗಳಿಂದ ಪ್ರತಿ ವರ್ಷ ಹೊರಬೀಳುವ ಎಂಜಿನಿಯರುಗಳ ಸಂತೆ, ಆರು ತಿಂಗಳ ತರಬೇತಿಯ ಖರ್ಚು, ಗ್ರಾಹಕ ಕೊಡುವ ದರ, ಏನೇನೋ ಹೇಳಿದೆ. ನನಗೇ ರುಚಿಸಲಿಲ್ಲ. 2013ರ ಕಂಪನಿ ಕಾಯ್ದೆಯ 197ನೇ ಕಲಮಿನ ಪ್ರಕಾರ, ಷೇರುಪೇಟೆಯಲ್ಲಿರುವ ಕಂಪನಿಗಳು ನಿರ್ದೇಶಕರ ಸಂಬಳ ನಡುಮಟ್ಟದ ನೌಕರನ ಸಂಬಳದ ಎಷ್ಟು ಪಟ್ಟು ಎಂದು ಪ್ರತಿ ವರ್ಷ ಪ್ರಕಟಿಸಬೇಕು. ಅವರು ಹೋದ ಮೇಲೆ ನಮ್ಮ ಕಂಪನಿಯ ವಾರ್ಷಿಕ ವರದಿ ತೆಗೆದು ನೋಡಿದೆ. ಆ ಪಟ್ಟು ನೂರರ ಲೆಕ್ಕದಲ್ಲಿತ್ತು. ಇಷ್ಟು ವರ್ಷ ಆ ಪುಟ ತಿರುವಿಯೇ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ನಮ್ಮಪ್ಪನಿಗೆ ಒಂದೇ ಕಥೆ. 1981ರಲ್ಲಿ ಇದೇ ಪುಣೆಯಲ್ಲಿ ನಮ್ಮೂರ ಕಡೆಯ ಹೆಣ್ಣುಮಗಳು ಕೂಡಿಟ್ಟ 10,000 ರೂಪಾಯಿಯಿಂದ ಇನ್ಫೋಸಿಸ್ ಶುರುವಾದದ್ದು, ಮುಂದೆ ನೌಕರರಿಗೂ ಷೇರು ಹಂಚಿದ್ದು. ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ಆ ಹೆಮ್ಮೆ ಹೊತ್ತುಕೊಂಡೇ ಬಸ್ಸು ಹತ್ತಿದ್ದು. ಊರು ಇನ್ನೂ ಆ ಕಥೆಯಿಂದ ಇಳಿದಿಲ್ಲ. ಹೆಣ್ಣು ನೋಡಲು ಹೋದರೆ ಹುಡುಗ ಹೆಂಗಿದಾನೆ ಅಂತ ಕೇಳುವ ಮೊದಲು ಪ್ಯಾಕೇಜ್ ಕೇಳುತ್ತಾರೆ. ಅದರೊಳಗೆ ಏನೇನು ಕಟ್ಟಿಟ್ಟಿದೆ ಅಂತ ಯಾರೂ ಬಿಚ್ಚಿ ನೋಡುವುದಿಲ್ಲ.

ಬರುವ ವಾರ ಅಪ್ರೈಸಲ್, ಅಂದರೆ ವರ್ಷದ ಕೆಲಸ ಅಳೆದು ದರ್ಜೆ ಕೊಡುವುದು. ನನ್ನ ತಂಡದಲ್ಲಿ ಚೆನ್ನಾಗಿ ದುಡಿದವರು ಐದು ಜನ. ಮೇಲಿನ ದರ್ಜೆ ಒಬ್ಬರಿಗೇ ಕೊಡಬಹುದು ಅಂತ ಮೇಲ್ ಬಂದಿದೆ. ಉಳಿದ ನಾಲ್ವರಿಗೆ ನಾನೇ ಎದುರು ಕೂತು ಕಾರಣ ಹೇಳಬೇಕು.

ಡಬ್ಬಿ ಖಾಲಿ ಕೊಡಬಾರದು ಅಂತ ಊರಿಂದ ತಂದ ಶೇಂಗಾ ಚಟ್ನಿಪುಡಿ ತುಂಬಿಟ್ಟೆ. ಮೇಲಿನ ಮನೆಗೆ ಹದಿನೆಂಟು ಮೆಟ್ಟಿಲು. ಮೂರು ದಿನದಿಂದ ಡಬ್ಬಿ ಅಡುಗೆಮನೆ ಕಟ್ಟೆ ಮೇಲೇ ಕೂತಿದೆ.